ನೆತ್ತಿಗೇರಿದ ಕಣ್ಣು

ಪರದೆಯ ಮೇಲಿನ ಚಿತ್ರ ಎಂದಿಗಿಂತ ತಿಳಿಯಾಗಿತ್ತು. ಅವಳಿಗೆ ಅನುಮಾನ ಬಂದದ್ದೇ ಅದರಿಂದ. ಹಿಂದಿನ ಸೀಟಿನಲ್ಲಿ ಕೂತು, ತೊಡೆಯ ಮೇಲಿನ ಪುಟ್ಟ ಪರದೆಯಲ್ಲಿ ಗಾಡಿಯ ನೆತ್ತಿಯ ಮೇಲಿನ ಕ್ಯಾಮೆರಾವನ್ನು ಸುತ್ತಲೂ ತಿರುಗಿಸಿ ನೋಡಿದಳು. ಎದುರಿನ ಆಕಾಶ ಬಾಣಲೆಯ ತಳದ ಹಾಗೆ ಕಪ್ಪಗಿತ್ತು. ಆ ಕಪ್ಪಿನ ಮೇಲೆ ಯಾವಾಗಲೂ ಇರುತ್ತಿದ್ದ ಸಣ್ಣ ಗೆರೆಗಳು ಇವತ್ತು ಒಂದೂ ಇರಲಿಲ್ಲ.

"ಜಾಲರಿ ಎಲ್ಲಿ?" ಎಂದಳು.

ಸ್ಟಿಯರಿಂಗ್ ಹಿಡಿದಿದ್ದ ಅಣ್ಣ ಯಾವ ಜಾಲರಿ ಎಂದು ಕೇಳಿದ. ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆಲಿಕಲ್ಲಿನ ಹೊಡೆತ ಕ್ಯಾಮೆರಾದ ಗಾಜಿನ ಬುರುಡೆಗೆ ತಾಗದಿರಲೆಂದು ಅವಳೇ ತಂತಿ ಬಗ್ಗಿಸಿ, ಬೆಸುಗೆ ಹಾಕಿ, ಬೆರಳು ಸುಟ್ಟುಕೊಂಡು ಮಾಡಿದ ಜಾಲರಿ ಅದು. ಅಣ್ಣ ಬಿರುಗಾಳಿಯ ಬೆನ್ನು ಹತ್ತಿ ಹೋಗುವುದನ್ನು ಫೋನಿನಲ್ಲಿ ನೇರವಾಗಿ ನೋಡುವ ಸಾವಿರಾರು ಜನರಿಗೆ ಆ ಜಾಲರಿ ಹಿಡಿಸಿರಲಿಲ್ಲ. ಜೈಲಿನ ಕಿಟಕಿಯಿಂದ ಇಣುಕಿದ ಹಾಗಿದೆ ಎಂದು ಯಾರೋ ಬರೆದಿದ್ದರು. ಅದನ್ನು ತೆಗೆದುಬಿಡು ಎಂದು ಅಣ್ಣ ಒಂದು ತಿಂಗಳಿಂದ ಗೋಗರೆಯುತ್ತಿದ್ದ. ಅವಳು ಜಗ್ಗಿರಲಿಲ್ಲ.

"ನಾನು ಮುಟ್ಟಿಲ್ಲ ಕಣೆ. ಗಾಳಿಗೆ ಹಾರಿರ್ಬೇಕು."

"ನಾಲ್ಕು ಬೋಲ್ಟು ಹಾಕಿದ್ದು ಗಾಳಿಗೆ ಹಾರುತ್ತಾ?"

 ಅಣ್ಣನ ಪಕ್ಕದಲ್ಲಿ ಕೂತ ಅತ್ತಿಗೆ ಫೋನಿನ ಮಳೆ ನಕ್ಷೆಯಿಂದ ತಲೆ ಎತ್ತದೆ, ಮುಂದಿನ ತಿರುವಿನಲ್ಲಿ ಎಡಕ್ಕೆ ಹೋಗಬೇಕು ಎಂದಷ್ಟೇ ಹೇಳಿದಳು. ಅಣ್ಣ ಎಡಕ್ಕೆ ತಿರುಗಿಸಿದ. ತಂಗಿ ಅವನ ಬೆನ್ನನ್ನೇ ದುರುಗುಟ್ಟಿ ನೋಡಿದಳು. ಸುಳ್ಳು ಹೇಳುವುದಿದ್ದರೆ ನಂಬುವ ಹಾಗಾದರೂ ಹೇಳಬಾರದೆ?

ಆ ಕ್ಯಾಮೆರಾ ಬರೀ ಚಿತ್ರ ತೋರಿಸುವುದಕ್ಕೆ ಇದ್ದದ್ದಲ್ಲ. ಗಾಡಿಯ ಹಿಂದಿನ ಗಾಜಿನ ತುಂಬ ಬ್ಯಾಟರಿ ಪೆಟ್ಟಿಗೆಗಳು, ಹಿಂದೆ ಏನಿದೆಯೆಂದು ಕನ್ನಡಿಯಲ್ಲಿ ಕಾಣುತ್ತಿರಲಿಲ್ಲ. ಹೋದ ವರ್ಷ ಅಣ್ಣ ಎದುರಿನ ಸುಂಟರಗಾಳಿಯನ್ನು ಜನರಿಗೆ ವರ್ಣಿಸುತ್ತಿದ್ದಾಗ ಬೆನ್ನ ಹಿಂದೆ ಇನ್ನೊಂದು ಇಳಿದಿತ್ತು. ಅವರು ಬಿಟ್ಟು ಹೊರಟ ಜಾಗಕ್ಕೇ ಮರವೊಂದು ಬುಡಸಮೇತ ಬಂದು ಬಿತ್ತು. ಅಣ್ಣ ಅದನ್ನೂ ನಗುತ್ತಲೇ ಹೇಳಿದ್ದ. ಅತ್ತಿಗೆ ಮಾತ್ರ ನಕ್ಕಿರಲಿಲ್ಲ. ಆಮೇಲೆ ಬಂದದ್ದು ಈ ಕ್ಯಾಮೆರಾ. ಮನೆಯಲ್ಲಿ ಅದನ್ನು ಕಣ್ಣು ಎಂದೇ ಕರೆಯುತ್ತಿದ್ದರು. ಬೈಯುವಾಗ ಕಣ್ಣು ನೆತ್ತಿಗೇರಿದೆ ಅನ್ನುತ್ತಿದ್ದೆವು, ನೀವು ನಿಜವಾಗಿಯೂ ಏರಿಸಿಬಿಟ್ಟಿರಲ್ಲ ಎಂದು ಅಮ್ಮ ನಕ್ಕಿದ್ದಳು. ಕಣ್ಣು ಹೋದರೆ ಹೋದ ಜಾಗದಿಂದಲೇ ವಾಪಸ್ಸು ಎಂದು ಅಣ್ಣನೇ ಮಾತು ಕೊಟ್ಟಿದ್ದ. ನೋಡುವ ಜನರ ಮುಂದೆಯೂ ಎದೆ ತಟ್ಟಿ ಹೇಳಿದ್ದ.

ಮೊದಲ ಆಲಿಕಲ್ಲುಗಳು ಯಾರೋ ಜಲ್ಲಿ ತೂರಿದ ಹಾಗೆ ಬಿದ್ದವು. ನಂತರದವು ನಿಂಬೆಹಣ್ಣಿನ ಗಾತ್ರದವು. ಗಾಡಿಯ ಒಳಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದಾಯಿತು. ತಂಗಿ ಪರದೆಯಿಂದ ಕಣ್ಣು ಕೀಳಲಿಲ್ಲ. ಚಿತ್ರದ ಮೂಲೆಯಲ್ಲಿ ಒಂದು ಕೂದಲೆಳೆ ಕಾಣಿಸಿತು. ಅದು ಜೇಡರ ಬಲೆಯಾಯಿತು. ಒಮ್ಮೆ ಬೆಳ್ಳಗೆ ಮಿಂಚಿ ಪರದೆ ಕಪ್ಪಾಯಿತು.

"ಕಣ್ಣು ಹೋಯ್ತು. ತಿರುಗಿಸು."

ಅಣ್ಣ ಗಾಜಿನ ಮುಂದೆ ಸಿಕ್ಕಿಸಿದ್ದ ಫೋನಿನ ಕಡೆಗೆ ಬಾಗಿ, ಅದರೊಳಗಿನ ಜನಕ್ಕೆ ಹೇಳಿದ: "ನಮ್ಮ ಕಣ್ಣಾಲಿಗೇ ಆಲಿಕಲ್ಲು ಬಿತ್ತು ನೋಡ್ರಪ್ಪಾ." ಹೇಳಿ ತಾನೇ ನಕ್ಕ. ಗಾಡಿಯ ವೇಗ ಕಡಿಮೆಯಾಗಲಿಲ್ಲ.

 ಅವಳು ಮುಂದಕ್ಕೆ ಬಗ್ಗಿ ಅವನ ಭುಜ ಹಿಡಿದು ಅಲ್ಲಾಡಿಸಿದಳು. ಕೊಟ್ಟ ಮಾತು ನೆನಪಿದೆಯೇ ಎಂದು ಕೇಳಿದಳು. ನೆನಪಿಲ್ಲದೆ ಏನು, ಮುಂದೆ ಪೆಟ್ರೋಲ್ ಬಂಕ್ ಇದೆ, ಅದರ ಮಾಡಿನ ಕೆಳಗೆ ನಿಲ್ಲಿಸುತ್ತೇನೆ, ಹೊಸ ಗಾಜು ಹಾಕು ಎಂದ ಅವನು. "ಕಣ್ಣು ವಾಪಸ್ ಬಂದ್ರೆ ಮಾತು ತಪ್ಪಿದ ಹಾಗಾಗಲ್ವಲ್ಲ."

ಬಂಕಿನಲ್ಲಿ ಯಾರೂ ಇರಲಿಲ್ಲ. ಕೆಲಸದವರು ಬಾಗಿಲು ಹಾಕಿಕೊಂಡು ಹೋಗಿದ್ದರು. ತಗಡಿನ ಮಾಡು ಡೋಲು ಬಡಿದ ಹಾಗೆ ಸದ್ದು ಮಾಡುತ್ತಿತ್ತು. ಅವಳು ಬಾಗಿಲನ್ನು ಧಡಾರನೆ ಬಡಿದು ಇಳಿದು, ಸಲಕರಣೆ ಪೆಟ್ಟಿಗೆ ಎಳೆದುಕೊಂಡು, ಹಿಂದಿನ ಚಕ್ರದ ಮೇಲೆ ಕಾಲಿಟ್ಟು ಏರಿದಳು. ಬುರುಡೆ ಮೊಟ್ಟೆಯ ಸಿಪ್ಪೆಯಂತೆ ಒಡೆದಿತ್ತು. ಅವಳು ನೋಡಿದ್ದು ಅದನ್ನಲ್ಲ. ಜಾಲರಿ ಹಿಡಿದಿದ್ದ ನಾಲ್ಕು ಬೋಲ್ಟುಗಳೂ ನೆಟ್ಟಗೆ ನಿಂತಿದ್ದವು, ಒಂದೂ ಬಾಗಿರಲಿಲ್ಲ, ತುಂಡಾಗಿರಲಿಲ್ಲ. ಯಾರೋ ಪಾನಾ ಹಾಕಿ, ನಿಧಾನವಾಗಿ, ನಟ್ಟು ಬಿಚ್ಚಿದ್ದರು.

ಅಣ್ಣನ ಜನ್ಮ ಜಾಲಾಡುವುದೆಂದೇ ಅವಳು ಕೆಳಗಿಳಿದಳು. ಅತ್ತಿಗೆ ಗಾಡಿಯಿಂದಿಳಿದು ಎದುರಿಗೆ ನಿಂತಿದ್ದಳು. ಜಾಕೆಟ್ಟಿನ ಜೇಬಿನಿಂದ ಮುಷ್ಟಿ ತೆಗೆದು ಬಿಚ್ಚಿದಳು. ಅಂಗೈಯಲ್ಲಿ ನಾಲ್ಕು ನಟ್ಟುಗಳಿದ್ದವು.

"ನಿಮ್ಮಣ್ಣ ಅಲ್ಲ. ನಾನು."

ಬಾಯಿತನಕ ಬಂದ ಬೈಗುಳವನ್ನು ಯಾರಿಗೆ ಹಾಕಬೇಕೆಂದು ತಂಗಿಗೆ ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ಅದು ಅತ್ತಿಗೆಯ ಮೇಲೆಯೇ ಬಿತ್ತು. "ನಿಮಗೆ ತಲೆ ಕೆಟ್ಟಿದೆಯಾ ಅತ್ತಿಗೆ? ಈ ಗಾಡೀಲಿ ನಾನೂ ಇದ್ದೀನಿ."

"ನಾನೂ ಇದ್ದೆ." ಅತ್ತಿಗೆಯ ದನಿ ಏರಲಿಲ್ಲ. "ಕಣ್ಣು ಹೋದ್ರೆ ವಾಪಸ್ಸು ಅಂತ ಹೇಳಿದ್ರಲ್ಲ. ಹೋಗ್ತಾರೋ ಇಲ್ವೋ ನೋಡ್ಬೇಕಿತ್ತು. ನೋಡಿದೆ."

"ನನಗೊಂದು ಮಾತು ಹೇಳ್ಬಹುದಿತ್ತು."

"ನಿನಗಾ? ನಿನಗೆ ಹೇಳಿದ್ರೆ ಇನ್ನೂ ಗಟ್ಟಿ ಜಾಲರಿ ಮಾಡಿ ತರ್ತಿದ್ದೆ."

 ತಂಗಿಯ ಕೈಯಲ್ಲಿ ಪೆಟ್ಟಿಗೆಯಿಂದ ತೆಗೆದ ಹೊಸ ಬುರುಡೆ ಇತ್ತು. ಅತ್ತಿಗೆಯೊಡನೆ ಮಾತಾಡುತ್ತಲೇ ಅವಳು ಅದರ ಪ್ಲಾಸ್ಟಿಕ್ ಹೊದಿಕೆ ಸುಲಿದಿದ್ದಳು, ಸುಲಿದದ್ದು ಅವಳಿಗೇ ಗೊತ್ತಾಗಿರಲಿಲ್ಲ. ಮರ ಬಿದ್ದ ದಿನ ಇನ್ನು ಸಾಕು ಎಂದಿದ್ದಳು ಅತ್ತಿಗೆ. ತಂಗಿ ಕ್ಯಾಮೆರಾ ತಂದಳು. ಬುರುಡೆಯ ಗಾಜು ಮಂಜು ಹಿಡಿದು ಹಿಂದಿನ ದಾರಿ ಕಾಣದೆ ಹೊಂಡಕ್ಕೆ ಇಳಿದಾಗಲೂ ಅತ್ತಿಗೆ ಅದನ್ನೇ ಹೇಳಿದ್ದಳು. ತಂಗಿ ಬುರುಡೆಯೊಳಗೆ ಬಿಸಿ ಮಾಡುವ ತಂತಿ ಎಳೆದಳು. ಕುಲುಕಾಟಕ್ಕೆ ರಬ್ಬರು, ನೀರಿಗೆ ಮೇಣ. ಪ್ರತಿ ಸಲವೂ ಅಣ್ಣ ಬೆನ್ನು ತಟ್ಟಿ, ನೀನಿದ್ದರೆ ನನಗೇನು ಭಯ ಎಂದಿದ್ದ. ಅವಳೂ ಉಬ್ಬಿದ್ದಳು.

ಕಿಟಕಿ ಇಳಿಸಿ ಅಣ್ಣ ಕೂಗಿದ. "ಆಯ್ತೇನೇ? ಉತ್ತರಕ್ಕೆ ಇನ್ನೊಂದು ಏಳ್ತಾ ಇದೆ. ಬೇಗ."

ತಂಗಿ ಬುರುಡೆಯನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದಳು. ಪಾನಾ ತೆಗೆದುಕೊಂಡು ಮತ್ತೆ ಚಕ್ರ ಹತ್ತಿದಳು. ಹೊಸ ಗಾಜು ಹಾಕುತ್ತಿದ್ದಾಳೆಂದುಕೊಂಡು ಅಣ್ಣ ಫೋನಿನ ಜನಕ್ಕೆ ಇನ್ನೇನು ಹೊರಟೆವು ಎಂದು ಹೇಳುತ್ತಿದ್ದುದು ಮೇಲಕ್ಕೆ ಕೇಳಿಸುತ್ತಿತ್ತು. ಅವಳು ಬುಡದ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿದಳು. ಕೇಬಲ್ಲು ಬರಲೊಲ್ಲದು, ಸಿಟ್ಟಿನಲ್ಲಿ ಜಗ್ಗಿ ಕಿತ್ತಳು. ಒದ್ದೆ ಕ್ಯಾಮೆರಾವನ್ನು ಎದೆಗವಚಿಕೊಂಡು ಇಳಿಯುವಾಗ ಒಡೆದ ಗಾಜಿನ ಚೂರು ಅಂಗೈ ಕೊಯ್ದಿತು.

ಅಣ್ಣ ಗಾಡಿಯಿಂದ ಇಳಿದು ಬಂದ. ಅವಳ ಕೈಯನ್ನೂ ಹೆಂಡತಿಯ ಮುಖವನ್ನೂ ನೋಡಿದ. ಮೊದಲು ನಗಲು ನೋಡಿದ, ನಗು ಬರಲಿಲ್ಲ. ನಾಟಕ ಸಾಕು, ಹಾಕು ಅದನ್ನ ಎಂದ.

"ಹಾಕಲ್ಲ."

"ಹಾಗಾದ್ರೆ ಇಲ್ಲೇ ಇರಿ ಇಬ್ರೂ. ನಾನೊಬ್ನೇ ಹೋಗ್ತೀನಿ."

ಹೋಗಬೇಡಿ ಎಂದು ಅತ್ತಿಗೆ ಅನ್ನುತ್ತಾಳೆಂದು ತಂಗಿ ಕಾದಳು. ಅತ್ತಿಗೆ ಅನ್ನಲಿಲ್ಲ. ತನ್ನ ಬಾಯಿಂದಲೂ ಬರಲಿಲ್ಲ. ಇಷ್ಟು ದಿನ ನನ್ನನ್ನೇ ನಂಬಿಕೊಂಡು ಹೋದೆಯಲ್ಲ, ಈಗ ಯಾರನ್ನು ನಂಬಿ ಹೋಗುತ್ತೀಯೋ ನೋಡುತ್ತೇನೆ ಎಂದು ಮನಸ್ಸಿನಲ್ಲೇ ಹಲ್ಲು ಕಡಿದಳು. ಅವನು ಇಬ್ಬರ ಮುಖವನ್ನೂ ಇನ್ನೊಮ್ಮೆ ನೋಡಿ, ಕಾಲಡಿಯ ಆಲಿಕಲ್ಲನ್ನು ಒದ್ದು, ಗಾಡಿ ಹತ್ತಿದ.

ಗಾಡಿ ಬಂಕಿನ ಅಂಗಳ ದಾಟಿ ಹೆದ್ದಾರಿಯ ಅಂಚಿಗೆ ಹೋಗಿ ನಿಂತಿತು. ಬಲಗಡೆಯ ದೀಪ ಮಿನುಗತೊಡಗಿತು. ಉತ್ತರಕ್ಕೆ ಹೋಗುವ ದಾರಿ ಆ ಕಡೆ, ಮನೆಯ ದಾರಿ ಎಡಕ್ಕೆ. ರಸ್ತೆಯ ಮೇಲೆ ಒಂದೂ ಗಾಡಿ ಇರಲಿಲ್ಲ, ಕಾಯುವುದಕ್ಕೆ ಕಾರಣವೇ ಇರಲಿಲ್ಲ. ಅತ್ತಿಗೆ ತನ್ನ ಕೊರಳಿನ ಬಟ್ಟೆ ಬಿಚ್ಚಿ, ನಾದಿನಿಯ ಅಂಗೈಗೆ ಒರಟಾಗಿ ಸುತ್ತಿದಳು. ಗಂಟು ನೋಯುವಷ್ಟು ಬಿಗಿಯಾಗಿತ್ತು.

ಮಿನುಗುತ್ತಿದ್ದ ದೀಪ ನಿಂತಿತು. ತುಂಬ ಹೊತ್ತು ಎಡಗಡೆಯದೂ ಹೊತ್ತಿಕೊಳ್ಳಲಿಲ್ಲ. ಗಾಡಿ ಹಾಗೆಯೇ ರಸ್ತೆಯಂಚಿನಲ್ಲಿ ಹೊಗೆ ಬಿಡುತ್ತ ನಿಂತಿತ್ತು, ಅದರ ಸುತ್ತ ಬಿಳಿ ಕಲ್ಲುಗಳು ಕರಗುತ್ತಿದ್ದವು.