ಇಪ್ಪತ್ತೆರಡು ಅಂಗಿಗಳು

ನವೆಂಬರ್ ತಿಂಗಳು, ಮೆಕ್ಕೆಜೋಳದ ತೆನೆ ಮುರಿಯುವ ಕಾಲ. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಮ್ಮ ವ್ಯಾನು ಸಾನ್ ಲಾಸರೊ ಊರಿನ ಇಗರ್ಜಿಯ ಮುಂದೆ ನಿಂತಿತು.

ನಾನು ದೇಶದ ಫುಟ್‌ಬಾಲ್ ತಂಡದ ಸಾಮಾನು ನೋಡಿಕೊಳ್ಳುವವನು. ಅಂಗಿ ಒಗೆಯುವುದು, ಬೂಟು ಒರೆಸುವುದು, ಚೆಂಡಿಗೆ ಗಾಳಿ ತುಂಬುವುದು, ಇಷ್ಟೇ. ತರಬೇತುದಾರರು ವೆಂಡಲ್ ಪ್ರೈಸ್, ಅಮೆರಿಕದವರು. ನಮ್ಮಲ್ಲಿಗೆ ಬರುವ ಮುಂಚೆ ಬೇರೆ ಎರಡು ದೇಶಗಳ ತಂಡ ನಡೆಸಿದ್ದರು. ಎಲ್ಲರೂ ಅವರನ್ನು ಪ್ರೊಫೆ ಎನ್ನುತ್ತಿದ್ದೆವು, ಮೇಷ್ಟ್ರು ಅಂದ ಹಾಗೆ. ಬೆಟ್ಟದ ಹುಡುಗರ ಆಟ ನೋಡಲೇಬೇಕೆಂದು ಹಟ ಹಿಡಿದು, ನಾಲ್ಕು ದಿನ ರೇಡಿಯೋದಲ್ಲಿ ಊರು, ದಿನ, ಗಂಟೆ ಎಲ್ಲ ಹೇಳಿಸಿದ್ದರು.

ಆ ವರ್ಷಗಳಲ್ಲಿ ಬೆಟ್ಟದ ಕಡೆ ಆಟದ ಹೊತ್ತನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಪ್ರಾಯದವರು ಒಂದೆಡೆ ಸೇರಿದರೆ ಸೈನ್ಯದ ಲಾರಿ ಬಂದು ತುಂಬಿಕೊಂಡು ಹೋಗುತ್ತಿತ್ತು. ಹೋದವರ ಕೈಗೆ ಬಂದೂಕು ಕೊಟ್ಟು ಪಕ್ಕದ ಊರಿನ ಮೇಲೆ ಬಿಡುತ್ತಿದ್ದರು. ಅದಕ್ಕೇ ಆಟ ನಡೆಯುವಾಗ ಒಬ್ಬ ಗಂಟೆಗೋಪುರ ಹತ್ತಿ ರಸ್ತೆ ಕಾಯುತ್ತಿದ್ದ.

"ರೇಡಿಯೋದಲ್ಲಿ ಹೇಳ್ಸಿದ್ದು ಒಳ್ಳೇದಾಯ್ತಲ್ವಾ, ಪಾಸ್ಕುವಾಲ್?" ಎಂದು ಪ್ರೊಫೆ ದಾರಿಯಲ್ಲಿ ಕೇಳಿದ್ದರು.

"ಹೂಂ, ಪ್ರೊಫೆ" ಎಂದಿದ್ದೆ.

ಗಾಸ್ಪರ್ ತಂಡ ಸೇರಲಿ ಎಂಬ ಆಸೆಗೆ ಹಾಗೆ ಹೇಳಿದೆ. ಅವನು ಇದೇ ಊರಿನಲ್ಲಿದ್ದ ನನ್ನ ತಂಗಿ ಕಾಂದೆಲಾರಿಯಾಳ ಒಬ್ಬನೇ ಮಗ. ಹತ್ತೊಂಬತ್ತು ವರ್ಷ, ಎಡಗಾಲಿನ ಆಟಗಾರ. ದೇಶದ ತಂಡ ಸೇರಿದವನನ್ನು ಸೈನ್ಯ ಮುಟ್ಟುತ್ತಿರಲಿಲ್ಲ. ಆದರೆ ಅವನು ನನ್ನ ಸೋದರಳಿಯ ಎಂದು ಪ್ರೊಫೆಗೆ ಹೇಳಿರಲಿಲ್ಲ. "ಯಾರಾದ್ರೂ ನೆಂಟರನ್ನ ತಂದು ನಿಲ್ಸಿದ್ರೆ ಇಬ್ರನ್ನೂ ಆಚೆ ಹಾಕ್ತೀನಿ" ಎಂದು ಅವರು ಬಂದ ದಿನವೇ ಅಂದಿದ್ದರು. ಮಂತ್ರಿಯೊಬ್ಬರ ಮಗನನ್ನು ಹಾಗೆ ಆಚೆ ಹಾಕಿಯೂ ಇದ್ದರು.

ಅವತ್ತು ನಲವತ್ತಮೂರು ಜನ ಬಂದರು. ನನ್ನ ಚೀಲದಲ್ಲಿದ್ದದ್ದು ಇಪ್ಪತ್ತೆರಡು ಕೆಂಪು ಅಂಗಿ. ಮೊದಲ ಸರದಿಯಲ್ಲಿ ಗಾಸ್ಪರ್ ಎರಡು ಗೋಲು ಹೊಡೆದ.

"ಆ ಎಡಗಾಲಿನವನ ಹೆಸ್ರೇನು?"

"ಗೊತ್ತಿಲ್ಲ ಪ್ರೊಫೆ, ಕೇಳ್ತೀನಿ."

ಆಮೇಲೆ ಅವರ ಕಣ್ಣು ಗೋಪುರದ ಮೇಲೆ ಬಿತ್ತು. "ಅವನ್ಯಾರು, ಕಾಗೆ ಥರ ಮೇಲೆ ಕೂತಿರೋದು? ಆಡೋಕ್ ಬಂದಿದಾನೋ, ನೋಡೋಕ್ ಬಂದಿದಾನೋ? ಇಳಿಯೋಕ್ ಹೇಳು!"

ಅವನು ಲೊರೆನ್ಸೊ, ಊರಿಗೇ ವೇಗದ ಓಟಗಾರ. ಹುಡುಗರೆಲ್ಲ ನನ್ನ ಮುಖ ನೋಡಿದರು. ನಾನೇ ಕೈಬೀಸಿ ಕರೆದೆ. ಅವನು ಇಳಿದು ಬಂದ.

ಎರಡನೆಯ ಸರದಿಯವರಿಗೆ ಕೊಡಲು ಬೆವರಿನ ಅಂಗಿಗಳನ್ನು ಬಿಚ್ಚಿಸಿ ಚೀಲಕ್ಕೆ ತುಂಬುತ್ತಿದ್ದೆ. ಜೋಳದ ಹೊಲದ ಎರಡೂ ಕಡೆಯಿಂದ ಲಾರಿ ಬಂದವು.

ಸಿಪಾಯಿಗಳು ಇಳಿದು ಬಂದೂಕಿನ ಬುಡದಿಂದ ಹುಡುಗರ ಬಾಯಿಗೆ ಹೊಡೆದರು. ಹಲ್ಲು ಮಣ್ಣಿಗೆ ಬಿದ್ದವು. ಕಣಿವೆಯ ಕಡೆ ಓಡಿದ ಲೊರೆನ್ಸೊನ ತೊಡೆಗೆ ಗುಂಡು ಬಿತ್ತು. ಅವನನ್ನು ಕೂದಲು ಹಿಡಿದು ಎಳೆದು ತಂದು ಲಾರಿಯ ಗಾಲಿಯ ಹತ್ತಿರ ಹಾಕಿದರು, ಉಳಿದವರನ್ನು ಎರಡು ಲಾರಿಗಳಿಗೆ ತುಂಬಿದರು. ಅಡ್ಡ ನಿಂತ ಪ್ರೊಫೆಯ ಪಕ್ಕೆಗೂ ಬಂದೂಕಿನ ಬುಡದ ಏಟು ಬಿತ್ತು.

"ಇವ್ರು ದೇಶದ ತಂಡದೋರು!" ಎಂದು ಅವರು ಮಂಡಿಯೂರಿಕೊಂಡೇ ಕೂಗಿದರು.

ಲೆಫ್ಟಿನೆಂಟ್ ಸಿಗರೇಟು ಹಚ್ಚಿದ. "ನಲ್ವತ್ಮೂರು ಜನಾನಾ, ಮಿಸ್ಟರ್? ಇಷ್ಟು ಜನ ಆಡಿಯೂ ಸೋಲ್ತೀರಲ್ರೀ!" ಸಿಪಾಯಿಗಳು ನಕ್ಕರು. "ತಂಡಕ್ಕೆ ಎಷ್ಟು ಜನ?"

"ಇಪ್ಪತ್ತೆರಡು."

"ಸರಿ. ಅಂಗಿ ಹಾಕ್ಕೊಂಡೋರು ನಿಮ್ಮೋರು, ಬರೀಮೈಯೋರು ನಮ್ಮೋರು. ಈ ಸಿಗರೇಟ್ ಮುಗಿಯೋವರ್ಗೂ ಹಂಚ್ಕೊಳ್ಳಿ."

ಗಾಸ್ಪರ್ ಆಚೆ ಲಾರಿಯಲ್ಲಿದ್ದ, ಕೈ ಕಟ್ಟಿಹಾಕಿದ್ದರು. "ಮಾವಾ, ಇಲ್ಲಿ!" ಎಂದು ಬೆಟ್ಟದ ನಮ್ಮ ಕಿಚೆ ಮಾತಿನಲ್ಲಿ ಕೂಗಿದ. ಪ್ರೊಫೆಗೆ ಆ ಮಾತು ಬಾರದು.

ಒಂದು ಅಂಗಿಯನ್ನು ನನ್ನ ಕೋಟಿನೊಳಗೆ ತುರುಕಿಕೊಂಡೆ. ಆದರೆ ಈಚೆ ಲಾರಿ ದಾಟಿಯೇ ಅಲ್ಲಿಗೆ ಹೋಗಬೇಕು. ಕೈಗಳು ನನ್ನ ಮೇಲೆ ಮುಗಿಬಿದ್ದವು. ಅರ್ಧ ಗಂಟೆಯ ಹಿಂದೆ ಒಬ್ಬರಿಗೊಬ್ಬರು ಚೆಂಡು ಕೊಟ್ಟವರು ಈಗ ಅಂಗಿಗಾಗಿ ಕಚ್ಚಾಡಿದರು. ಒಬ್ಬ ಇನ್ನೊಬ್ಬನ ಹೆಬ್ಬೆರಳು ಮುರಿದ. ಒಬ್ಬ ತಮ್ಮನ ಕುತ್ತಿಗೆ ಅದುಮಿದ. ಚೀಲ ಬರಿದಾಯಿತು.

ಪ್ರೊಫೆ ಎಣಿಸುತ್ತಿದ್ದರು. "ಇಪ್ಪತ್ತೊಂದು! ಇನ್ನೊಂದೆಲ್ಲಿ?" ನನ್ನ ಕೋಟಿನಂಚಿನಲ್ಲಿ ಕೆಂಪು ಕಂಡಿತು. ಹಿಡಿದು ಎಳೆದರು. "ಯಾರಿಗೆ ಬಚ್ಚಿಟ್ಟಿದೀಯ? ಇಂಥಾ ಹೊತ್ತಲ್ಲೂ ಬಚ್ಚಿಡೋ ಬುದ್ಧೀನಾ?"

ನಾನು ಆಚೆ ಲಾರಿಯ ಕಡೆ ನೋಡಿದೆ. ಅವರು ಆ ಅಂಗಿಯನ್ನು ಗಾಲಿಯ ಹತ್ತಿರ ಬಿದ್ದಿದ್ದ ಲೊರೆನ್ಸೊನಿಗೆ ತೊಡಿಸಿದರು. ಲೆಫ್ಟಿನೆಂಟ್ ಸಿಗರೇಟನ್ನು ಬೂಟಿನಡಿ ಹೊಸಕಿದ.

"ಅವ್ನು ನನ್ ತಂಗಿ ಮಗ, ಪ್ರೊಫೆ! ಆ ಎಡಗಾಲಿನವನು!" ಆಗ ಕಿರುಚಿದೆ.

ಪ್ರೊಫೆ ಆಗಲೇ ಹೊರಟಿದ್ದ ಆಚೆ ಲಾರಿಯ ಹಿಂದೆ ಓಡಿದರು, ಹಿಂಬದಿಯ ಹಲಗೆ ಹಿಡಿದು ಜೋತುಬಿದ್ದರು. ಒಬ್ಬ ಸಿಪಾಯಿ ಬಂದೂಕಿನ ಬುಡದಿಂದ ಆ ಬೆರಳುಗಳನ್ನು ಕುಟ್ಟಿದ, ಕೈ ಬಿಡುವವರೆಗೂ ಕುಟ್ಟಿದ. ಬಲಗೈಯ ಮೂರು ಬೆರಳು ಮುರಿದವು. ಲಾರಿ ಗಾಸ್ಪರ್‌ನನ್ನು ಹೊತ್ತು ಹೋಯಿತು.

ವ್ಯಾನಿನಲ್ಲಿ ಲೊರೆನ್ಸೊನ ತೊಡೆಯನ್ನು ನಾನು ಅದುಮಿ ಹಿಡಿದಿದ್ದೆ.

"ಮೊದ್ಲೇ ಯಾಕೆ ಹೇಳ್ಲಿಲ್ಲ ಮಾರಾಯ?" ಎಂದರು ಪ್ರೊಫೆ.

"ನೀವು ಆಚೆ ಹಾಕ್ತಿದ್ರಿ."

ಮಂಗಳವಾರ ಪ್ರೊಫೆ ಎಡಗೈಯಲ್ಲಿ ಇಪ್ಪತ್ತಮೂರು ಹೆಸರು ಬರೆದು ಫುಟ್‌ಬಾಲ್ ಸಂಸ್ಥೆಯ ದೊಡ್ಡವರ ಮುಂದಿಟ್ಟರು. ಮೊದಲನೆಯದು ಗಾಸ್ಪರ್‌ನದು. ದೊಡ್ಡವರು ಆ ಒಂದನ್ನು ಹೊಡೆದುಹಾಕಿ, ಪ್ರೊಫೆಗೆ ವಿಮಾನದ ಟಿಕೀಟು ಕೊಟ್ಟರು.

ಗಾಸ್ಪರ್ ಭಾನುವಾರ ಹೋದವನು. ಪ್ರೊಫೆ ಹೋದದ್ದು ಗುರುವಾರ.