ಧಾರೆಯ ಗಿಂಡಿ

ಮೀನೆಣ್ಣೆಯ ಗುಳಿಗೆ ಗಂಟಲಲ್ಲೇ ಕೂತಿದೆ, ಇಳಿಯುತ್ತಲೂ ಇಲ್ಲ, ಕಕ್ಕುವಾ ಎಂದರೆ ಬರುತ್ತಲೂ ಇಲ್ಲ, ತೇಗಿದರೆ ಬಾಯ್ತುಂಬಾ ಮಲ್ಪೆ ಬಂದರಿನ ವಾಸನೆ — ಜಯಶೀಲ ಶೆಟ್ಟರು ಠಾಣೆ ಪೇಟೆಯ ಮದುವೆ ಹಾಲ್‌ನ ಹಿಂಬಾಗಿಲಲ್ಲಿ, ಪಾತ್ರೆ ತೊಳೆಯುವಲ್ಲಿ, ಜರಿಪಂಚೆ ಉಟ್ಟು ಕುರ್ಚಿಯಲ್ಲಿ, ಮದುಮಗಳ ಅಪ್ಪ, ಒಳಗೆ ವಾಲಗ, ಹೊರಗೆ ತಾನು, ಎಂಥ ಚಂದ. ರಬಾಳೆಯ ಪೇಂಟ್ ಕಾರ್ಖಾನೆಯಲ್ಲಿ ಅರ್ಧ ಆಯುಷ್ಯ ಕಳೆದದ್ದು, ಆಗ ಏನೂ ಆಗಲಿಲ್ಲ, ರಿಟೈರಾಗುವ ಹೊತ್ತಿಗೆ ಫಿನೈಲ್ ವಾಸನೆಗೂ ತಲೆಸುತ್ತು, ಸೆಂಟ್ ಹಾಕಿದವರು ಲಿಫ್ಟಿಗೆ ಬಂದರೆ ನಾಲಗೆ ದಪ್ಪ, ಡೊಂಬಿವಿಲಿಯ ಮನೆಯಲ್ಲಿ ಹೆಂಡತಿ ಸುಗುಣಾ ಪೌಡರ್ ಬಿಟ್ಟಳು, ಊದುಬತ್ತಿ ಬಿಟ್ಟಳು, ಮಲ್ಲಿಗೆಯನ್ನೂ ಬಿಟ್ಟಳು, ಈಗ ಅವಳು ಪಕ್ಕದಲ್ಲಿ ಕೂತರೂ ಯಾರೋ ಕೂತಿದ್ದಾರೆಂದು ಮೂಗಿಗೆ ತಿಳಿಯುವುದಿಲ್ಲ. ಬೇಲಾಪುರದ ನ್ಯೂಟ್ರಿಷನ್ ಮೇಡಂ, ಅಂಕಲ್, ಅಂದರ್ ಸೇ ಸ್ಟ್ರಾಂಗ್ ಹೋನಾ ಹೈ, ಒಳಗಿಂದ ಗಟ್ಟಿ ಆಗ್ಬೇಕಂತೆ, ವಿಟಮಿನ್ ಸಿ, ಜಿಂಕ್, ಮೆಗ್ನೀಸಿಯಂ, ಮೀನೆಣ್ಣೆ, ಮಗಳ ಮದುವೆಯಲ್ಲಿ ಮಂಟಪ ಹತ್ತಬಹುದಂತೆ. ಮನೆ ಹತ್ತಿರದ ಡಾಕ್ಟರು, ಇದರಿಂದ ಗುಣ ಆಗ್ತದೆ ಅಂತ ನಾನು ಹೇಳುದಿಲ್ಲ ಶೆಟ್ರೇ — ಆಗಲಿ ಬಿಡಲಿ, ನುಂಗಿದರು, ನುಂಗಿ ಆದ ಮೇಲೆ ದಿನಾ ಬೆಳಿಗ್ಗೆ ಅಮ್ಮನ ಕಾಲದ ಗಿಂಡಿಯಲ್ಲಿ ನೀರು ತುಂಬಿಸಿ ಸುಗುಣಾಳ ಬೊಗಸೆಗೆ ಧಾರೆ ಎರೆಯುವ ಅಭ್ಯಾಸ, ಕೈ ನಡುಗಿ ನೀರು ತುಂಡಾಗುತ್ತಿತ್ತು, ನೂಲಿನ ಹಾಗೆ ಬೀಳ್ಬೇಕು ಮಾರಾಯ್ರೆ, ಕಡೀಬಾರ್ದು, ಅವಳ ನಗು, ಒದ್ದೆ ಸೆರಗು. ಹೋದ ವಾರ ಕಡಿಯಲಿಲ್ಲ.

ಎಲ್ಲ ಜಾಗ್ರತೆ ಮಾಡಿದ್ದೇ, ಪನ್ನೀರು ಇಲ್ಲ, ಸೆಂಟ್ ಹಾಕಿ ಬರಬೇಡಿ ಎಂದು ನೆಂಟರಿಗೆಲ್ಲ ಫೋನು, ಮಂಟಪಕ್ಕೆ ಹೂವೂ ಬೇಡ — ಆದರೆ ಸುಗುಣಾಳ ತಮ್ಮ ಯತಿನ್, ಕಲ್ಯಾಣ್ ಪೇಟೆಯಲ್ಲಿ ಅವನ ಹೋಟೆಲು, ಪ್ರೀತಿ ಜಾಸ್ತಿ, ನಿನ್ನೆ ಮಂಟಪದ ಕಂಬಗಳಿಗೆ ಪೇಂಟ್ ಹೊಡೆಸಿದ್ದಾನೆ, ಹೂವು ಇಲ್ಲದೆ ಬೋಳು ಬೋಳು ಕಾಣ್ತಿತ್ತು ಭಾವ, ನಿಮ್ಮ ಕಂಪೆನಿದೇ ಪೇಂಟ್ ಹುಡುಕಿ ತಂದದ್ದು. ಮೆಟ್ಟಿಲಿಗೆ ಕಾಲಿಟ್ಟದ್ದಷ್ಟೇ, ಅದೇ ವಾಸನೆ, ಡ್ರಮ್ಮಿನ ಮುಚ್ಚಳ ತೆಗೆದಾಗ ಬರುವುದು, ಕಣ್ಣು ಕತ್ತಲೆ, ಇಬ್ಬರು ಹಿಡಿದು ಇಲ್ಲಿಗೆ ತಂದರು, ಅವಸರಕ್ಕೆ ಇದೊಂದು ಗುಳಿಗೆ ನುಂಗಿದ್ದು, ಇದಾದರೂ ಏನು ಮಾಡೀತು. ಯತಿನ್ ಕಾಲು ಹಿಡಿದು ಅತ್ತ, ಪರವಾಗಿಲ್ಲ ಅಂದರು, ನಿಜಕ್ಕೂ ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ನಿಕಿತಾ ಓಡಿ ಬಂದಳು, ತಲೆಗೆ ಹೂ ಮುಡಿಯದ ಮದುಮಗಳು, ಪಪ್ಪಾ, ಹಮ್ ರುಕ್ತೇ ಹೈಂ ನಾ, ಸ್ವಲ್ಪ ಕಾಯುವಾ ಅಂದಳು, ಬೇಡ ಮಗಾ, ಮುಹೂರ್ತ ಮೀರ್ತದೆ, ಯತಿನ್ ಮಾವ ಧಾರೆ ಎರೀಲಿ — ತಾನೇ ಹೇಳಿದ್ದು, ಯಾರೂ ಹೇಳಿಸಿದ್ದಲ್ಲ. ವಾಲಗ ಏರಿತು, ಬಾಗಿಲ ಸಂದಿಯಲ್ಲಿ ಕಾಣುವುದು ಇಷ್ಟೇ, ಮಿರಮಿರ ಮಿಂಚುವ ಕಂಬ, ಸುಗುಣಾಳ ಕೈ, ಯತಿನ್‌ನ ಕೈ, ಅಮ್ಮನ ಗಿಂಡಿ, ನಿಕಿತಾ ಕತ್ತು ತಿರುಗಿಸಿ ಹಿಂಬಾಗಿಲನ್ನೇ ನೋಡುತ್ತಿದ್ದಾಳೆ, ಇಲ್ಲಿ ಪಂಚೆಯ ಮೇಲೆ ಬಲಗೈ ತಾನಾಗಿ ಎದ್ದು ಬಾಗುತ್ತದೆ, ಬರಿಗೈ, ನಡುಗುತ್ತಿಲ್ಲ, ಒಂಚೂರೂ ನಡುಗುತ್ತಿಲ್ಲ, ಅಲ್ಲಿ ಗಿಂಡಿಯ ಮೂತಿಯಿಂದ ನೀರು, ನೂಲಿನ ಹಾಗೆ, ಕಡಿಯದೆ, ನೀರು —