ಅಳಿಯ ಬಂದಾಗಲೆಲ್ಲ ನಡುಕ

ಲುಬ್ವಾಮ ಹೆಂಡತಿಯ ತವರಿಗೆ ಬಂದಾಗಲೆಲ್ಲ ಅತ್ತೆ ನಾಲ್ವೋಗಳ ಕೈ ನಡುಗುತ್ತಿತ್ತು. ಊರಿಗೆ ಊರೇ ಇದನ್ನು ಆಡಿಕೊಳ್ಳುತ್ತಿತ್ತು. ಮಸಾಕಾ ಪೇಟೆಯಿಂದ ಅವನ ಬೈಕು ಬಾಳೆತೋಟದ ದಾರಿಗೆ ಇಳಿಯಿತೆಂದರೆ ಸಾಕು, "ಇವತ್ತು ನಾಲ್ವೋಗಮ್ಮನ ಕೈಲಿ ಬಟ್ಟಲು ನಿಲ್ಲಲ್ಲ ನೋಡಿ" ಎಂದು ನಗುವವರಿದ್ದರು.

ಕಾರಣವನ್ನೂ ಊರೇ ಹೇಳುತ್ತಿತ್ತು. ಆ ಸೀಮೆಯಲ್ಲಿ ಅತ್ತೆ ಅಳಿಯ ಒಬ್ಬರನ್ನೊಬ್ಬರು ಮುಟ್ಟಬಾರದು, ಮುಖಾಮುಖಿಯಾಗಬಾರದು, ಮಾತಾಡಿದರೆ ನಡುವೆ ಗೋಡೆಯೋ ಪರದೆಯೋ ಇರಬೇಕು. ಈ ಕಟ್ಟು ಮುರಿದರೆ ಒಬುಕೊ ಬರುತ್ತದೆ, ಮೈ ನಡುಗುವ ರೋಗ. ಲುಬ್ವಾಮ ಎಲ್ಲೋ ತಪ್ಪಿ ನಡೆದಿದ್ದಾನೆ ಎಂಬುದು ನಕಿವಾಲಳ ತೀರ್ಮಾನ. ನಕಿವಾಲ ನಾಲ್ವೋಗಳ ಗಂಡನ ಅಕ್ಕ. ತಮ್ಮ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವಳದೇ ಕಾರುಬಾರು.

ಲುಬ್ವಾಮನಿಗೆ ಈ ಮಾತು ಚುಚ್ಚುತ್ತಿತ್ತು, ಆದರೆ ಕುತೂಹಲವೂ ಬಿಡುತ್ತಿರಲಿಲ್ಲ. ಪೇಟೆಯಲ್ಲಿ ಅವನದು ರೇಡಿಯೊ ರಿಪೇರಿ ಅಂಗಡಿ. ಕೆಟ್ಟ ರೇಡಿಯೊ ತಂದವರನ್ನು ಅವನು ಮೊದಲು ಕೇಳುವುದು ಎರಡೇ ಪ್ರಶ್ನೆ: "ಯಾವಾಗ ಕೆಡುತ್ತೆ? ಅದಕ್ಕೆ ಮುಂಚೆ ಏನು ಮಾಡಿದ್ರಿ?" ಅತ್ತೆಯ ವಿಷಯದಲ್ಲಿ ಮೊದಲನೆಯದಕ್ಕೆ ಉತ್ತರ ಗೊತ್ತಿತ್ತು. ಎರಡನೆಯದನ್ನು ಯಾರೂ ಕೇಳಿರಲಿಲ್ಲ.

ಆ ಭಾನುವಾರ ಗಂಡ ಹೆಂಡತಿ ಬಂದಾಗ ಬೆಳಗಿನ ಹತ್ತು ಗಂಟೆ. ಅಳಿಯನಿಗೆಂದು ಬಾಳೆಲೆಯಲ್ಲಿ ಕಟ್ಟಿದ ಕೋಳಿ ಒಲೆಯ ಮೇಲೆ ನಿಧಾನವಾಗಿ ಬೇಯುತ್ತಿತ್ತು. ಮಧ್ಯಾಹ್ನ ಒಂದಾದರೂ ಇಳಿಸಿರಲಿಲ್ಲ. ಲುಬ್ವಾಮ ಮುಂದಿನ ಕೋಣೆಯಲ್ಲಿ ಕೂತು ಪರದೆಯ ಕಡೆ ಬೆನ್ನು ಮಾಡಿಯೇ ಕೇಳಿದ.

"ಅಮ್ಮಾ, ಆರೋಗ್ಯವಾ?"

"ಚೆನ್ನಾಗಿದ್ದೀನಿ ಅಳಿಯಂದಿರೇ. ಇನ್ನೇನು, ಕೋಳಿ... ಆ ಕೋಳಿ... ಯಾರ ಮನೆ ಇದು?"

ಒಳಗೆ ಪಾತ್ರೆ ಉರುಳಿತು. ಅವನ ಹೆಂಡತಿ ನಬ್ಬೋಸ ಚೀರಿದಳು. "ಅಮ್ಮ ಬೆವರಿ ತೊಪ್ಪೆಯಾಗಿದಾಳೆ! ಕೈಕಾಲು ಒಂದೇ ಸಮ ನಡುಗ್ತಿದೆ. ನೀನ್ಯಾರು ಅಂತ ನನ್ನನ್ನೇ ಕೇಳ್ತಿದಾಳೆ!"

ನಕಿವಾಲ ಪರದೆ ಸರಿಸಿಕೊಂಡು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನಪ್ಪಾ, ಈ ಸಲ ಏನು ಮಾಡ್ದೆ?"

"ನಾನಾ? ಕುರ್ಚಿ ಬಿಟ್ಟು ಎದ್ದಿಲ್ಲ ಅತ್ತಮ್ಮ."

"ಅವಳ ಬಟ್ಟೆ ಗಿಟ್ಟೆ ತುಳಿದ್ಯಾ?"

"ಇಲ್ಲ."

"ನೆರಳು ತಾಗಿರ್ಬೇಕು."

"ಮನೆ ಒಳಗೆ ನನಗೆಲ್ಲಿಯ ನೆರಳು ಅತ್ತಮ್ಮ!"

"ವಾದ ಬೇಡ. ಬೇರಿನ ಮದ್ದು ಕೊಡೋನಿಗೆ ಹೇಳಿ ಕಳಿಸ್ತೀನಿ, ಸಂಜೆಗೆ ಬರ್ತಾನೆ. ನೀನು ಹೊರಡು. ನೀನು ಹೋದ್ಮೇಲೆ ತಾನಾಗಿ ಇಳಿಯುತ್ತೆ."

"ಸಂಜೆ ತನಕ ಅಮ್ಮ ಉಳೀತಾರಾ?" ಎಂದ ಲುಬ್ವಾಮ. "ಈಗಲೇ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗೋಣ."

ಆರೋಗ್ಯ ಕೇಂದ್ರ ಆರು ಕಿಲೋಮೀಟರ್ ದೂರ. ಇದ್ದ ಗಾಡಿ ಅವನ ಬೈಕು ಒಂದೇ. ಆದರೆ ಅಳಿಯನ ಬೆನ್ನಿಗೆ ಅಂಟಿಕೊಂಡು ಅತ್ತೆ ಕೂರುವುದುಂಟೇ? ಅರೆಪ್ರಜ್ಞೆಯಲ್ಲೂ ನಾಲ್ವೋಗ "ಬೇಡ, ಮುಟ್ಟೋದು ಬೇಡ" ಎಂದು ತೊದಲುತ್ತಿದ್ದಳು.

"ನಡುವೆ ನಾನು ಕೂರ್ತೀನಿ" ಎಂದಳು ನಬ್ಬೋಸ. "ಅಮ್ಮನ್ನ ನನ್ನ ಬೆನ್ನಿಗೆ ಕಟ್ಟಿ. ಚಿಕ್ಕವಳಿದ್ದಾಗ ನನ್ನನ್ನ ಬೆನ್ನಿಗೆ ಕಟ್ಕೊಂಡು ಹೊಲಕ್ಕೆ ಹೋಗ್ತಿದ್ದಳಲ್ಲ, ಇವತ್ತು ನಾನು ಕಟ್ಕೋತೀನಿ."

ಮಗುವನ್ನು ಕಟ್ಟುವ ಉದ್ದದ ಬಟ್ಟೆ ತಂದರು. ಗೊಣಗುತ್ತಲೇ ನಕಿವಾಲ ತಾನೇ ಗಂಟು ಬಿಗಿದಳು. ಬೈಕು ಹೊರಡುವ ಮೊದಲು ಲುಬ್ವಾಮನ ಬೆನ್ನಿಗೂ ನಬ್ಬೋಸಳಿಗೂ ನಡುವೆ ಒಂದು ದಿಂಬು ತುರುಕಿದಳು. "ಯಾವುದಕ್ಕೂ ಇರ್ಲಿ" ಎಂದಳು.

ಆರೋಗ್ಯ ಕೇಂದ್ರದ ನರ್ಸ್ ಬಿರುಂಗಿ ಬೇರೆ ಸೀಮೆಯವಳು. ಒಬುಕೊ ಎಂದರೆ ಅವಳು ಬೆಚ್ಚಲಿಲ್ಲ, ನಗಲೂ ಇಲ್ಲ. ನಾಲ್ವೋಗಳ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದು ಪರೀಕ್ಷಿಸಿದಳು. "ಸಕ್ಕರೆ ತುಂಬಾ ಇಳಿದುಬಿಟ್ಟಿದೆ" ಎಂದವಳೇ, ನುಂಗುವ ಶಕ್ತಿ ಇದೆಯೇ ಎಂದು ನೋಡಿಕೊಂಡು ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು.

ಲುಬ್ವಾಮ ಹೊರಗೆ ಕಿಟಕಿಗೆ ಬೆನ್ನು ಹಾಕಿ ನಿಂತಿದ್ದ. ಕಣ್ಣಿಗೆ ಕಾಣದ್ದನ್ನೆಲ್ಲ ಕಿವಿಯಲ್ಲೇ ಹಿಡಿಯುತ್ತಿದ್ದ. ಕಾಲು ಗಂಟೆ ಕಳೆದಿರಬೇಕು. "ನಬ್ಬೋಸಾ, ಕೋಳಿ ಸೀದುಹೋಯ್ತೇನೇ?" ಎಂಬ ಅತ್ತೆಯ ದನಿ ಕೇಳಿಸಿತು. ಅವನಿಗೆ ಕಣ್ಣೀರು ತಡೆಯಲಾಗಲಿಲ್ಲ.

ನರ್ಸ್ ಕೇಳಿದಳು: "ಅಮ್ಮಾ, ಯಾವುದಾದ್ರೂ ಗುಳಿಗೆ ತಗೋತೀರಾ?"

"ಸಕ್ಕರೆ ಕಾಯಿಲೆದು. ಎರಡು ವರ್ಷದಿಂದ, ಬೆಳಿಗ್ಗೆ ಏಳಕ್ಕೆ. ಒಂದು ದಿನವೂ ತಪ್ಪಿಸಿಲ್ಲ."

"ಆಮೇಲೆ ಏನು ತಿಂದ್ರಿ?"

"ತಿನ್ನೋದಾ?" ನಾಲ್ವೋಗಳಿಗೆ ಆಶ್ಚರ್ಯ. "ಅಳಿಯ ಬರ್ತಾರೆ ಅಂದ್ಮೇಲೆ ನಾನು ಮೊದಲು ತಿನ್ನೋದುಂಟಾ? ಅವರು ಉಂಡು ಕೈ ತೊಳೆದ ಮೇಲೇ ನನ್ನದು."

"ಬೇರೆ ದಿನ?"

"ಬೇರೆ ದಿನ ಗುಳಿಗೆ ನುಂಗಿ ಗಂಜಿ ಕುಡೀತೀನಿ."

ಲುಬ್ವಾಮ ತಡೆಯಲಾರದೆ ಕಿಟಕಿಯ ಹೊರಗಿನಿಂದಲೇ ಕೂಗಿದ. "ಸಿಸ್ಟರ್! ಕ್ರಿಸ್‌ಮಸ್‌ಗೆ ಬಂದಾಗ್ಲೂ ಹಿಂಗೇ. ಈಸ್ಟರ್‌ಗೂ. ಹಾಗಾದ್ರೆ ಇದು ಹಸಿವಿನ ನಡುಕವಾ?"

"ಹೌದಪ್ಪಾ. ಗುಳಿಗೆ ತನ್ನ ಕೆಲಸ ಮಾಡ್ತು, ಹೊಟ್ಟೆಗೆ ಏನೂ ಬೀಳ್ಲಿಲ್ಲ. ಇನ್ನೊಂದು ಗಂಟೆ ಬಿಟ್ಟಿದ್ರೆ ಎಚ್ಚರವೇ ತಪ್ಪಿ ಜೀವಕ್ಕೆ ಅಪಾಯ ಆಗ್ತಿತ್ತು."

ನಾಲ್ವೋಗಳಿಗೆ ಹೊಟ್ಟೆ ತುಂಬ ತಿನ್ನಿಸಿ, ಸಂಜೆಯವರೆಗೆ ಇಟ್ಟುಕೊಂಡು ಮತ್ತೆ ಪರೀಕ್ಷಿಸಿ, ಗುಳಿಗೆಯ ಪ್ರಮಾಣ ಸರಿಯಿದೆಯೇ ಎಂದು ದೊಡ್ಡಾಸ್ಪತ್ರೆಯಲ್ಲಿ ತೋರಿಸಲು ಚೀಟಿ ಬರೆದುಕೊಟ್ಟು ಬಿರುಂಗಿ ಕಳಿಸಿದಳು.

ಮನೆಯ ಬಾಗಿಲಲ್ಲೇ ಕಾದಿದ್ದ ನಕಿವಾಲ ಎಲ್ಲವನ್ನೂ ಕೇಳಿದಳು. ಆದರೂ ಸೋಲೊಪ್ಪಲು ಮನಸ್ಸಿಲ್ಲ. "ಅಳಿಯ ಬಂದಾಗಲೇ ನಡುಕ ಅಂತ ನಾನು ಹೇಳಿದ್ದು ಸುಳ್ಳಾ?"

"ಸುಳ್ಳಲ್ಲ ಅತ್ತಮ್ಮ, ನೀವು ಸರಿಯಾಗೇ ನೋಡಿದ್ರಿ. ನಾನು ಬಂದಾಗಲೇ ನಡುಕ, ಯಾಕಂದ್ರೆ ನಾನು ಬಂದಾಗಲೇ ಉಪವಾಸ."

ನಕಿವಾಲ ತಮ್ಮನ ಹೆಂಡತಿಯ ಕೈ ಹಿಡಿದು ನೋಡಿದಳು. ಕೈ ಬೆಚ್ಚಗಿತ್ತು, ನಡುಗುತ್ತಿರಲಿಲ್ಲ. ಹಿಡಿದ ಕೈ ಬಿಡದೆ ಅವಳನ್ನು ಒಳಗೆ ಕರೆದೊಯ್ದು ಕೂರಿಸಿದಳು.

ಎರಡು ತಿಂಗಳ ಮೇಲೆ ಲುಬ್ವಾಮ ಮತ್ತೆ ಬಂದ. ಹೊಸ್ತಿಲ ಹೊರಗೇ ನಿಂತು ಕೂಗಿದ. "ಅಮ್ಮನ ಊಟ ಆಯ್ತಾ? ಆಗದೆ ನಾನು ಒಳಗೆ ಬರಲ್ಲ!"

ಪರದೆಯ ಹಿಂದಿನಿಂದ ನಾಚಿಕೆಯ ನಗು ಕೇಳಿಸಿತು. ನಕಿವಾಲ ಹೊರಗೆ ಬಂದು ಖಾಲಿ ತಟ್ಟೆಯನ್ನು ಅವನ ಮುಖದ ಮುಂದೆ ಹಿಡಿದಳು. "ನೋಡ್ಕೋ. ನಾನೇ ಎದುರಿಗೆ ಕೂತು ತಿನ್ನಿಸಿದೀನಿ. ಇನ್ನಾದ್ರೂ ಒಳಗೆ ಬಾ, ಕೋಳಿ ಆರುತ್ತೆ."

ಪರದೆ ಇದ್ದಲ್ಲೇ ಇತ್ತು. ಅತ್ತೆ ಅಳಿಯ ಇಂದಿಗೂ ಮುಖ ನೋಡಿಕೊಂಡಿಲ್ಲ. ನಡುಕ ಮಾತ್ರ ಮತ್ತೆ ಬರಲಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಎಲ್ಲರೂ ಉಂಡ ಮೇಲೆ ಉಣ್ಣುವವರು ಒಬ್ಬರಿದ್ದಾರಲ್ಲವೇ? ಅವರು ಸಕ್ಕರೆ ಕಾಯಿಲೆಯ ಗುಳಿಗೆ ನುಂಗುತ್ತಿದ್ದರೆ, ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ, ನೆಂಟರು ಬರಲಿ ಹಬ್ಬವಿರಲಿ, ಹೊತ್ತಿಗೆ ಸರಿಯಾಗಿ ಅವರ ತಟ್ಟೆ ಮೊದಲು ತುಂಬಲಿ. ನಡುಕ, ಬೆವರು, ತಬ್ಬಿಬ್ಬು ಮಾತು ಕಂಡರೆ ಕೂಡಲೇ ಸಕ್ಕರೆ ನೀರು ಕುಡಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ತಡಮಾಡದೆ ಎತ್ತಿಕೊಂಡು ಓಡಿ. ಡಾಕ್ಟರನ್ನು ಕೇಳದೆ ಗುಳಿಗೆ ನಿಲ್ಲಿಸಲೂ ಬೇಡಿ. ಇವತ್ತು ಊಟಕ್ಕೆ ಕೂರುವ ಮೊದಲು ಅಡುಗೆಮನೆಯ ಕಡೆ ತಿರುಗಿ ಒಮ್ಮೆ ಕೇಳಿ: "ನಿನ್ನ ಊಟ ಆಯ್ತಾ?"